ಅಪರೂಪಕ್ಕೆ ಓಡುವ ಕಾರಿನ ಬ್ಯಾಟರಿಗೆ ಚಾರ್ಜರ್ ಆಯ್ಕೆ: ಕಲಬುರಗಿಯ ಒಂದು ಮನೆಯ ಪ್ರಕರಣ

ಕಲಬುರಗಿಯ ನಮ್ಮ ಬಡಾವಣೆಯಲ್ಲಿರುವ ನಿವೃತ್ತ ಉಪನ್ಯಾಸಕರೊಬ್ಬರ ಮನೆಯಲ್ಲಿ ಒಂದು ಸಣ್ಣ ಪೆಟ್ರೋಲ್ ಕಾರಿದೆ. ಕಣ್ಣಿನ ಶಸ್ತ್ರಚಿಕಿತ್ಸೆಯ ನಂತರ ಅವರು ಕಾರು ನಡೆಸುವುದನ್ನು ಬಿಟ್ಟಿದ್ದಾರೆ. ಅವರ ಪತ್ನಿಗೆ ನಡೆಸಲು ಬರುವುದಿಲ್ಲ. ಹೈದರಾಬಾದಿನಲ್ಲಿರುವ ಮಗಳು ಊರಿಗೆ ಬಂದಾಗ, ಇಲ್ಲವೇ ಆಸ್ಪತ್ರೆಗೆ ಹೋಗಬೇಕಾಗಿ ಪರಿಚಯದ ಚಾಲಕನನ್ನು ಕರೆಸಿಕೊಂಡಾಗ ಮಾತ್ರ ಕಾರು ಶೆಡ್ಡಿನಿಂದ ಹೊರಬರುತ್ತದೆ. ಹಾಗೆ ಹೊರಡಬೇಕಾದ ಹೊತ್ತಿಗೇ ಸೆಲ್ಫ್ ಎತ್ತದೆ, ಈಗಾಗಲೇ ಎರಡು ಬ್ಯಾಟರಿಗಳನ್ನು ಅವಧಿಗೆ ಮುನ್ನವೇ ಬದಲಿಸಿದ್ದರು. ಮೂರನೆಯದೂ ಅದೇ ದಾರಿ ಹಿಡಿದಾಗ ಮೆಕ್ಯಾನಿಕ್ ಬಂದು ನೋಡಿ, "ಬ್ಯಾಟರಿ ಹೋಗ್ಯಾದ್ರಿ ಸರ್, ಹೊಸದು ಹಾಕಸ್ರಿ" ಎಂದಷ್ಟೇ ಹೇಳಿ ಹೋದ. ಹೊಸದನ್ನು ಹಾಕಿಸುವುದಕ್ಕೆ ಮುಂಚೆ, ನಿಂತ ಕಾರಿನ ಬ್ಯಾಟರಿಯನ್ನು ತುಂಬಿದ ಸ್ಥಿತಿಯಲ್ಲೇ ಇಡುವ ಚಾರ್ಜರ್ ಸಿಗುತ್ತದಂತೆ, ಯಾವುದನ್ನು ಕೊಳ್ಳಬೇಕು ಎಂದು ಅವರು ನನ್ನನ್ನು ಕೇಳಿದರು. ನಾನು ಪಾಲಿಟೆಕ್ನಿಕ್‌ನ ವಿದ್ಯುತ್ ವಿಭಾಗದಲ್ಲಿ ಪಾಠ ಹೇಳುವವನು. ಈ ಪ್ರಶ್ನೆಗೆ ಉತ್ತರ ಹುಡುಕಿದ ಬಗೆಯನ್ನು ಪೂರ್ತಿಯಾಗಿ ಇಲ್ಲಿ ದಾಖಲಿಸುತ್ತಿದ್ದೇನೆ, ಏಕೆಂದರೆ ಆಯ್ಕೆಯನ್ನು ನಿರ್ಧರಿಸಿದ ಸಂಗತಿಗಳಲ್ಲಿ ಹೆಚ್ಚಿನವು ಚಾರ್ಜರಿನ ಡಬ್ಬಿಯ ಮೇಲೆ ಮುದ್ರಿತವಾಗಿರುವುದಿಲ್ಲ.

ಮನೆಯವರು ಮುಂದಿಟ್ಟ ಷರತ್ತು ಒಂದೇ ಆಗಿತ್ತು. ಅದನ್ನು ಹೇಳಿದವರು ಉಪನ್ಯಾಸಕರ ಪತ್ನಿ: "ಒಂದ್ಸಲ ಹಚ್ಚಿಬಿಟ್ರ ಮತ್ತ ಅದರ ಕಡಿ ನಾವು ನೋಡೋ ಹಂಗ ಇರಬಾರದ್ರಿ." ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಉಪಯುಕ್ತವಾದ ತಾಂತ್ರಿಕ ವಿವರ ಇದೇ ಎಂದು ಈಗಲೂ ಅನಿಸುತ್ತದೆ.

ಬ್ಯಾಟರಿ ಎಲ್ಲಿ ಖಾಲಿಯಾಗುತ್ತಿತ್ತು

ಚಾರ್ಜರ್ ಆರಿಸುವ ಮುನ್ನ, ಅದು ತುಂಬಬೇಕಾದ ಕೊರತೆ ಎಷ್ಟು ಎಂಬುದು ಗೊತ್ತಿರಬೇಕು. ಈ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್ (ಆಂಪಿಯರಿನಲ್ಲಿ ಅಳೆದ ಕರೆಂಟನ್ನು ಗಂಟೆಗಳಿಂದ ಗುಣಿಸಿದ ಮೊತ್ತ) ಸಾಮರ್ಥ್ಯದ, ಆರು ಕೋಶಗಳ ಸಾಮಾನ್ಯ ಸೀಸ-ಆಮ್ಲ ಬ್ಯಾಟರಿ. ಪೂರ್ತಿ ತುಂಬಿ ಕೆಲವು ಗಂಟೆ ವಿಶ್ರಮಿಸಿದ ಇಂಥ ಬ್ಯಾಟರಿ 12.6ರಿಂದ 12.7 ವೋಲ್ಟ್ ತೋರಿಸುತ್ತದೆ, ಸುಮಾರು 12.2ಕ್ಕೆ ಇಳಿದರೆ ಅರ್ಧ ಖಾಲಿ, 11.9ರ ಆಸುಪಾಸಿಗೆ ಬಂದರೆ ಹೆಚ್ಚುಕಡಿಮೆ ಪೂರ್ತಿ ಖಾಲಿ ಎಂದು ಲೆಕ್ಕ. ನಾವು ನೋಡಿದ ದಿನ ಅದು 11.7 ತೋರಿಸುತ್ತಿತ್ತು.

ಕಾರು ಬೀಗ ಹಾಕಿ ನಿಂತಾಗಲೂ ಗಡಿಯಾರ, ಇಂಜಿನ್ ನಿಯಂತ್ರಕದ ಸ್ಮೃತಿ, ರಿಮೋಟ್ ಬೀಗದ ರಿಸೀವರ್ ಇವೆಲ್ಲ ಸ್ವಲ್ಪ ಸ್ವಲ್ಪ ಕರೆಂಟು ಎಳೆಯುತ್ತಲೇ ಇರುತ್ತವೆ. ಇದನ್ನು ಅಳೆಯಲು ಮಲ್ಟಿಮೀಟರನ್ನು 10 ಆಂಪಿಯರ್ ಕಿಂಡಿಗೆ ಹಾಕಿ ನೆಗೆಟಿವ್ ಟರ್ಮಿನಲ್ ಮತ್ತು ಅದರ ಕೇಬಲ್ಲಿನ ನಡುವೆ ಜೋಡಿಸಬೇಕು. ಮೀಟರಿನ ಎರಡೂ ಕಡ್ಡಿಗಳನ್ನು ಮೊದಲು ಭದ್ರವಾಗಿ ಹಿಡಿಸಿ, ನಂತರವಷ್ಟೇ ಕೇಬಲ್ಲನ್ನು ಟರ್ಮಿನಲ್ಲಿನ ಕಂಬದಿಂದ ಮೇಲೆತ್ತಿದರೆ ಕಾರಿಗೆ ಕರೆಂಟು ಕಡಿಯುವುದಿಲ್ಲ. ಕಡಿದರೆ ನಿಯಂತ್ರಕಗಳೆಲ್ಲ ಮತ್ತೆ ಎಚ್ಚರಗೊಂಡು ಅಳತೆ ಹೆಚ್ಚಾಗಿ ಕಾಣುತ್ತದೆ. ಹಾಗೆಯೇ ಬೀಗ ಹಾಕಿದ ತಕ್ಷಣದ ಅಂಕಿಯನ್ನು ನಂಬಬಾರದು. ಕೆಲವು ಕಾರುಗಳು ಪೂರ್ತಿ ನಿದ್ರಿಸಲು ಅರ್ಧ ಗಂಟೆಗೂ ಹೆಚ್ಚು ಹೊತ್ತು ತೆಗೆದುಕೊಳ್ಳುತ್ತವೆ. ಕಾದು ನೋಡಿದಾಗ ಸಿಕ್ಕ ಅಂಕಿ 48 ಮಿಲಿಆಂಪಿಯರ್. ಇಂದಿನ ಕಾರುಗಳಲ್ಲಿ 20ರಿಂದ 50 ಮಿಲಿಆಂಪಿಯರ್ ಸಹಜವೆಂದು ಎಣಿಸುತ್ತಾರೆ. ಆದರೆ ಇಷ್ಟು ಕಡಿಮೆ ಉಪಕರಣಗಳಿರುವ ಚಿಕ್ಕ ಕಾರಿಗೆ ಇದು ಹೆಚ್ಚು ಅನಿಸಿತು. ಫ್ಯೂಸುಗಳನ್ನು ಕೀಳದೆ, ಪ್ರತಿ ಫ್ಯೂಸಿನ ಬೆನ್ನಿನ ಮೇಲಿರುವ ಎರಡು ಲೋಹದ ಚುಕ್ಕಿಗಳ ನಡುವಿನ ಮಿಲಿವೋಲ್ಟ್ (ಕರೆಂಟು ಹರಿಯುವ ಫ್ಯೂಸಿನಲ್ಲಿ ಮಾತ್ರ ಅದು ಕಾಣುತ್ತದೆ) ಅಳೆಯುತ್ತ ಹೋದಾಗ ಕಾರಣ ಹೊರಬಿತ್ತು: ಕೊಂಡ ಮೇಲೆ ಹೊರಗಿನ ಅಂಗಡಿಯಲ್ಲಿ ಹಾಕಿಸಿದ್ದ ಮ್ಯೂಸಿಕ್ ಸಿಸ್ಟಮ್ ಒಂದೇ 26 ಮಿಲಿಆಂಪಿಯರ್ ಎಳೆಯುತ್ತಿತ್ತು. ಅದರ ತಂತಿಯನ್ನು ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರುವ ಜಾಗಕ್ಕೆ ಬದಲಿಸಿದ ಮೇಲೆ ಉಳಿದದ್ದು 22 ಮಿಲಿಆಂಪಿಯರ್.

ಸಣ್ಣದಾಗಿ ಕಾಣುವ ಈ ಅಂಕಿಗಳನ್ನು ದಿನಗಳಿಂದ ಗುಣಿಸಿದರೆ ಚಿತ್ರ ಬೇರೆಯಾಗುತ್ತದೆ. 48 ಮಿಲಿಆಂಪಿಯರ್ ಎಂದರೆ ದಿನಕ್ಕೆ 1.15 ಆಂಪಿಯರ್-ಅವರ್, ಮೂರು ವಾರಕ್ಕೆ 24. ಅಂದರೆ 35ರ ಬ್ಯಾಟರಿಯಲ್ಲಿ ಮೂರನೆಯ ಎರಡು ಭಾಗಕ್ಕೂ ಹೆಚ್ಚು ಕಾರು ನಿಂತಲ್ಲೇ ಸೋರಿಹೋಗಿರುತ್ತದೆ. 22 ಮಿಲಿಆಂಪಿಯರಿಗೆ ಇಳಿಸಿದ ಮೇಲೂ ತಿಂಗಳಿಗೆ 16 ಆಂಪಿಯರ್-ಅವರ್ ಹೋಗುತ್ತದೆ. ಇದರ ಜೊತೆಗೆ ಬ್ಯಾಟರಿಯ ಒಳಗಿನ ಸ್ವಯಂ ವಿಸರ್ಜನೆ, ಅಂದರೆ ಏನನ್ನೂ ಜೋಡಿಸದಿದ್ದರೂ ತಾನಾಗಿ ಖಾಲಿಯಾಗುವುದು, ಇದೆ: 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ತಿಂಗಳಿಗೆ ಸುಮಾರು 3ರಿಂದ 5 ಪ್ರತಿಶತ, ಉಷ್ಣಾಂಶ ಪ್ರತಿ 10 ಡಿಗ್ರಿ ಏರಿದಂತೆ ಅದರ ಸರಿಸುಮಾರು ಇಮ್ಮಡಿ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಮಧ್ಯಾಹ್ನ 40 ಡಿಗ್ರಿ ದಾಟುವ ಕಲಬುರಗಿಯಲ್ಲಿ, ಹಗಲು ರಾತ್ರಿಯ ಸರಾಸರಿ 35 ಎಂದಿಟ್ಟುಕೊಂಡರೂ ಈ ಬಾಬ್ತಿನಲ್ಲೇ ತಿಂಗಳಿಗೆ 2ರಿಂದ 3.5 ಆಂಪಿಯರ್-ಅವರ್ ನಷ್ಟವಾಗುತ್ತದೆ.

ಖಾಲಿಯಾದದ್ದಕ್ಕಿಂತ ಹೆಚ್ಚು ಕೇಡು ಮಾಡುವುದು ಖಾಲಿಯಾಗಿಯೇ ಉಳಿಯುವುದು. ವಿಸರ್ಜನೆಯಾಗುವಾಗ ಬ್ಯಾಟರಿಯೊಳಗಿನ ಪಾಸಿಟಿವ್, ನೆಗೆಟಿವ್ ಎರಡೂ ಬಗೆಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ಮರುಚಾರ್ಜ್ ಮಾಡಿದರೆ ಆ ನವಿರಾದ ಹರಳುಗಳು ಮತ್ತೆ ಕರಗುತ್ತವೆ, ವಾರಗಟ್ಟಲೆ ಬಿಟ್ಟರೆ ದಪ್ಪಗಾಗಿ ಗಟ್ಟಿಯಾಗಿ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಫಲಕದ ಆ ಭಾಗ ಕೆಲಸಕ್ಕೆ ಬರುವುದಿಲ್ಲ. ಹಿಂದಿನ ಎರಡು ಬ್ಯಾಟರಿಗಳು ಸತ್ತದ್ದೂ ಹೀಗೆಯೇ ಇರಬೇಕು. ಈ ಮೂರನೆಯದನ್ನು ಅಂಗಡಿಯಲ್ಲಿ ನಿಧಾನವಾಗಿ ಪೂರ್ತಿ ಚಾರ್ಜ್ ಮಾಡಿಸಿ, ಒಂದು ರಾತ್ರಿ ಬಿಟ್ಟು ಅಳೆದಾಗ 12.35 ವೋಲ್ಟ್ ಮಾತ್ರ ಉಳಿದಿತ್ತು. ಶೀತಲ ಆರಂಭ ಸಾಮರ್ಥ್ಯದ (ಕೊರೆಯುವ ಚಳಿಯಲ್ಲೂ ಇಂಜಿನ್ ಚಾಲೂ ಮಾಡಲು ಬ್ಯಾಟರಿ ಕೊಡಬಲ್ಲ ಕರೆಂಟಿನ) ಅರ್ಧದಷ್ಟು ಹೊರೆಯನ್ನು 15 ಸೆಕೆಂಡು ಹಾಕಿ ಪರೀಕ್ಷಿಸಿದಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಕುಸಿಯಿತು; ಒಳ್ಳೆಯ ಬ್ಯಾಟರಿ ಆ ಗೆರೆಯ ಮೇಲೆಯೇ ನಿಲ್ಲಬೇಕು. ಹೀಗಾಗಿ ಮೆಕ್ಯಾನಿಕ್ ಹೇಳಿದ್ದು ಸರಿಯಾಗಿಯೇ ಇತ್ತು, ಹೊಸ ಬ್ಯಾಟರಿ ಬೇಕಾಗಿತ್ತು. ಸತ್ತ ಬ್ಯಾಟರಿಗೆ ನಿರ್ವಹಣಾ ಚಾರ್ಜರ್ ಹಚ್ಚಿ ಬದುಕಿಸುತ್ತೇನೆ ಎಂದು ಹೊರಟರೆ ಚಾರ್ಜರಿನ ಹಣವೂ ವ್ಯರ್ಥವಾಗುತ್ತದೆ.

ವಾರಕ್ಕೊಮ್ಮೆ ಇಂಜಿನ್ ಚಾಲೂ ಮಾಡುವ ರೂಢಿ

ಉಪನ್ಯಾಸಕರು ಪ್ರತಿ ಭಾನುವಾರ ಕಾರನ್ನು ಶೆಡ್ಡಿನಲ್ಲೇ ಹತ್ತು ನಿಮಿಷ ಚಾಲೂ ಇಡುತ್ತಿದ್ದರು. ಬಹಳ ಜನ ಹೀಗೆ ಮಾಡುತ್ತಾರೆ. ಮಾಡಿಯೂ ಬ್ಯಾಟರಿ ಕೂತಾಗ, ಸೆಲ್ಫ್ ಹೊಡೆಯುವುದಕ್ಕೇ ಇದ್ದ ಚಾರ್ಜೆಲ್ಲ ಹೋಗಿರಬೇಕು ಎಂದುಕೊಳ್ಳುತ್ತಾರೆ. ಲೆಕ್ಕ ಹಾಕಿದರೆ ಅದು ನಿಜವಲ್ಲ. ಸ್ಟಾರ್ಟರ್ ಮೋಟಾರ್ 150 ಆಂಪಿಯರನ್ನು ಎರಡು ಸೆಕೆಂಡು ಎಳೆದರೂ 0.1 ಆಂಪಿಯರ್-ಅವರ್ ಕೂಡ ಖರ್ಚಾಗುವುದಿಲ್ಲ. ನಿಜವಾದ ಖರ್ಚು ಉಳಿದ ಏಳು ದಿನಗಳದು, ಅಂದರೆ ಹಳೆಯ ಸ್ಥಿತಿಯಲ್ಲಿ 8 ಆಂಪಿಯರ್-ಅವರ್. ಇಂಜಿನ್ ನಿಧಾನಗತಿಯಲ್ಲಿ ತಿರುಗುವಾಗ ಬ್ಯಾಟರಿಗೆ 6ರಿಂದ 9 ಆಂಪಿಯರ್ ಸಿಕ್ಕಿತು ಎಂದುಕೊಂಡರೂ ಹತ್ತು ನಿಮಿಷಕ್ಕೆ ಮರಳಿ ಬರುವುದು 1ರಿಂದ 1.5 ಆಂಪಿಯರ್-ಅವರ್ ಮಾತ್ರ. ವಾರವಾರವೂ ಸಾಲ ಬೆಳೆಯುತ್ತಲೇ ಇತ್ತು. ಇದಲ್ಲದೆ ಇಂಜಿನ್ ಪೂರ್ತಿ ಬಿಸಿಯಾಗುವ ಮೊದಲೇ ನಿಲ್ಲಿಸುವುದರಿಂದ ಸೈಲೆನ್ಸರಿನಲ್ಲಿ ನೀರು ನಿಲ್ಲುತ್ತದೆ, ಉರಿಯದ ಪೆಟ್ರೋಲು ಆಯಿಲಿಗೆ ಸೇರುತ್ತದೆ. ಮೂರು ಕಡೆ ಗೋಡೆಯಿರುವ ಶೆಡ್ಡಿನಲ್ಲಿ ಕಾರ್ಬನ್ ಮಾನಾಕ್ಸೈಡ್ ತುಂಬುವ ಅಪಾಯವಂತೂ ಗಂಭೀರವಾದದ್ದು. ತಿಂಗಳಿಗೆ ಎರಡು ಬಾರಿ ಮುಕ್ಕಾಲು ಗಂಟೆ ಹೆದ್ದಾರಿಯಲ್ಲಿ ಓಡಿಸುವವರಿದ್ದರೆ ಆ ಮಾತು ಬೇರೆ. ಈ ಮನೆಯಲ್ಲಿ ಅಂಥವರಿರಲಿಲ್ಲ.

ಕೈಬಿಟ್ಟ ದಾರಿಗಳು

ಒಂದು ರೂಪಾಯಿಯೂ ಖರ್ಚಿಲ್ಲದ ಉಪಾಯವೆಂದರೆ ನೆಗೆಟಿವ್ ಕೇಬಲ್ ಬಿಚ್ಚಿಡುವುದು. ಸೋರಿಕೆ ಪೂರ್ತಿ ನಿಲ್ಲುತ್ತದೆ, ಸ್ವಯಂ ವಿಸರ್ಜನೆಯೊಂದೇ ಉಳಿಯುತ್ತದೆ. ಇದನ್ನು ನಾನು ಗಂಭೀರವಾಗಿಯೇ ಪರಿಗಣಿಸಿದೆ. ಆದರೆ ರಾತ್ರಿ ಆಸ್ಪತ್ರೆಗೆ ಹೋಗಬೇಕಾದಾಗ ಬಾನೆಟ್ ಎತ್ತಿ ಸ್ಪ್ಯಾನರ್ ಹಿಡಿಯುವ ಸ್ಥಿತಿಯಲ್ಲಿ ಆ ದಂಪತಿ ಇಲ್ಲ, ಮತ್ತು ಅವರು ಕಾರನ್ನು ಇಟ್ಟುಕೊಂಡಿರುವುದೇ ಅಂಥ ಹೊತ್ತಿಗಾಗಿ.

ಮನೆಯ ಇನ್ವರ್ಟರಿಗೆ ಸೇವೆ ಕೊಡುವ ಎಲೆಕ್ಟ್ರಿಷಿಯನ್ ಇನ್ನೊಂದು ಸಲಹೆ ಕೊಟ್ಟಿದ್ದ: ಇನ್ವರ್ಟರಿನ 150 ಆಂಪಿಯರ್-ಅವರ್ ಟ್ಯೂಬ್ಯುಲರ್ ಬ್ಯಾಟರಿಯಿಂದಲೇ ಎರಡು ತಂತಿ ಎಳೆದು ಕಾರಿನ ಬ್ಯಾಟರಿಗೆ ಸಮಾಂತರವಾಗಿ ಕೊಟ್ಟುಬಿಡುವುದು. ಕೇಳಲು ಸುಲಭವಾಗಿರುವ ಈ ಜೋಡಣೆಯನ್ನು ಯಾರೂ ಮಾಡಬಾರದು. ಕರೆಂಟು ಹೋದಾಗ ಮನೆಯ ಫ್ಯಾನು, ದೀಪಗಳ ಹೊರೆಯಲ್ಲಿ ಒಂದು ಪಾಲು ಕಾರಿನ ಬ್ಯಾಟರಿಯ ಮೇಲೂ ಬೀಳುತ್ತದೆ. ಆಳವಾಗಿ ಖಾಲಿಯಾಗಲು ತಕ್ಕಂತೆ ಮಾಡಿದ ದಪ್ಪ ಫಲಕಗಳ ಟ್ಯೂಬ್ಯುಲರ್ ಅದನ್ನು ತಾಳುತ್ತದೆ, ಕ್ಷಣಮಾತ್ರ ದೊಡ್ಡ ಕರೆಂಟು ಕೊಡಲೆಂದು ಮಾಡಿದ ತೆಳು ಫಲಕಗಳ ಕಾರಿನ ಬ್ಯಾಟರಿ ತಾಳುವುದಿಲ್ಲ. ಫ್ಯೂಸಿಲ್ಲದ ಉದ್ದ ತಂತಿಯೊಂದು ಎಲ್ಲಿಯಾದರೂ ಸವೆದು ಶಾರ್ಟ್ ಆದರೆ ಬೆಂಕಿಯೇ ಹತ್ತುತ್ತದೆ.

ಶೆಡ್ಡಿನ ಮೇಲೆ 10 ವಾಟಿನ ಸೌರ ಫಲಕ ಮತ್ತು ಸಣ್ಣ ನಿಯಂತ್ರಕ ಇಟ್ಟರೂ ಸಾಕಾಗುತ್ತಿತ್ತು. ಒಳ್ಳೆಯ ಬಿಸಿಲಿನ ದಿನ ಅದು 3 ಆಂಪಿಯರ್-ಅವರ್ ಹತ್ತಿರ ಕೊಡಬಲ್ಲದು, ನಮಗೆ ಬೇಕಾದದ್ದು ಅದರ ಕಾಲುಭಾಗಕ್ಕಿಂತ ಕಡಿಮೆ. ಶೆಡ್ಡಿನಲ್ಲೇ ಪ್ಲಗ್ ಪಾಯಿಂಟ್ ಇದ್ದುದರಿಂದ ಮಾತ್ರ ಅದನ್ನು ಮುಂದುವರಿಸಲಿಲ್ಲ.

ಇನ್ನು ಬ್ಯಾಟರಿ ಅಂಗಡಿಗಳಲ್ಲಿ ಕಾಣುವ, ಮುಂದೆ ಮುಳ್ಳಿನ ಆಂಪಿಯರ್ ಮೀಟರ್ ಇರುವ ಟ್ರಾನ್ಸ್‌ಫಾರ್ಮರ್ ಚಾರ್ಜರ್. ಬೆಲೆ ಕಡಿಮೆ, ಗಟ್ಟಿಮುಟ್ಟು, ಕೂತ ಬ್ಯಾಟರಿಯನ್ನು ಯಾರಾದರೂ ಪಕ್ಕದಲ್ಲಿದ್ದು ಚಾರ್ಜ್ ಮಾಡುವುದಕ್ಕೆ ಒಳ್ಳೆಯದು. ನಿಯಂತ್ರಣವಿಲ್ಲದ ಇಂಥ ಚಾರ್ಜರ್ ಬ್ಯಾಟರಿ ತುಂಬಿದ ಮೇಲೂ ಕರೆಂಟು ತಳ್ಳುತ್ತಲೇ ಇರುತ್ತದೆ. ಪ್ರತಿ ಕೋಶಕ್ಕೆ 2.4 ವೋಲ್ಟ್, ಅಂದರೆ ಒಟ್ಟು 14.4 ವೋಲ್ಟ್ ದಾಟಿದ ಮೇಲೆ ಹೆಚ್ಚಿನ ಕರೆಂಟು ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುವುದಕ್ಕೇ ಹೋಗುತ್ತದೆ, ಪಾಸಿಟಿವ್ ಫಲಕದ ಜಾಲರಿ ಸವೆಯುತ್ತದೆ. ನಮ್ಮ ಕಡೆ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ: ಸಾದಾ ಟ್ರಾನ್ಸ್‌ಫಾರ್ಮರಿನ ಹೊರಬರುವ ವೋಲ್ಟೇಜ್ ಮನೆಗೆ ಬರುವ ವೋಲ್ಟೇಜಿನ ಜೊತೆಗೇ ಏರಿಳಿಯುತ್ತದೆ. 230 ವೋಲ್ಟಿನಲ್ಲಿ 13.8 ಕೊಡುವುದು, ರಾತ್ರಿ ಊರಿನ ಹೊರೆ ಇಳಿದು 250 ಬಂದಾಗ 15ರ ಹತ್ತಿರ ಕೊಡುತ್ತದೆ. ತಿಂಗಳುಗಟ್ಟಲೆ ಬಿಟ್ಟಿರುವ ಉಪಕರಣಕ್ಕೆ ಇದು ಸಲ್ಲದು.

ಚಾರ್ಜರಿನಲ್ಲಿ ನೋಡಿದ್ದು ಏನು

ಉಳಿದದ್ದು ಹಂತಹಂತವಾಗಿ ತನ್ನನ್ನು ತಾನೇ ನಿಯಂತ್ರಿಸಿಕೊಳ್ಳುವ ಚಾರ್ಜರುಗಳು. ಸ್ವೀಡನ್ನಿನ ಸಿಟೆಕ್, ಅಮೆರಿಕದ ನೋಕೊ, ಜರ್ಮನಿಯ ಬಾಷ್ ಮೊದಲಾದವು ಈ ವರ್ಗದವನ್ನು ಮಾರುತ್ತವೆ. ಬೇರೆ ಹೆಸರುಗಳಲ್ಲೂ ಬಹಳಷ್ಟು ಸಿಗುತ್ತವೆ. ಇವೆಲ್ಲ ಮೊದಲು ಪೂರ್ತಿ ಕರೆಂಟು ಕೊಟ್ಟು ವೋಲ್ಟೇಜನ್ನು 14.4ರ ಸುಮಾರಿಗೆ ಏರಿಸುತ್ತವೆ, ಅಲ್ಲಿ ಹಿಡಿದಿಟ್ಟು ಕರೆಂಟು ತಾನಾಗಿ ಇಳಿಯುವುದನ್ನು ಕಾಯುತ್ತವೆ, ಬಳಿಕ ಸುಮಾರು 13.6 ವೋಲ್ಟಿಗೆ ಇಳಿದು ಅಲ್ಲಿಯೇ ನಿಲ್ಲುತ್ತವೆ. ಈ ಕೊನೆಯ ಹಂತವನ್ನು ಫ್ಲೋಟ್ ಎನ್ನುತ್ತಾರೆ. ನಿಂತ ಕಾರಿನ ಮಟ್ಟಿಗೆ ಚಾರ್ಜರ್ ತನ್ನ ಆಯುಷ್ಯದ ಬಹುಪಾಲನ್ನು ಕಳೆಯುವುದು ಇಲ್ಲಿಯೇ.

ಎಷ್ಟು ಆಂಪಿಯರ್ ಎಂಬ ಪ್ರಶ್ನೆಗೆ ಎಲ್ಲರೂ ಬಹಳ ತೂಕ ಕೊಡುತ್ತಾರೆ, ಆದರೆ ಅದು ಬೇಗ ಮುಗಿಯುವ ಪ್ರಶ್ನೆ. ದಿನಕ್ಕೆ ಅರ್ಧ ಆಂಪಿಯರ್-ಅವರ್ ಸೋರಿಕೆ ತುಂಬಲು 0.8 ಆಂಪಿಯರಿನ ಪುಟ್ಟ ಚಾರ್ಜರ್ ಧಾರಾಳವಾಯಿತು. ಆದರೆ ಒಳಗಿನ ದೀಪ ಒಂದು ರಾತ್ರಿ ಉರಿದು ಬ್ಯಾಟರಿ ಅರ್ಧಕ್ಕೆ ಇಳಿದರೆ, ನಷ್ಟ ಸೇರಿಸಿ 20 ಆಂಪಿಯರ್-ಅವರ್ ಮರಳಿಸಬೇಕಾಗುತ್ತದೆ. ಆ ಪುಟ್ಟದಕ್ಕೆ ಒಂದು ಇಡೀ ದಿನಕ್ಕಿಂತ ಹೆಚ್ಚು ಬೇಕು, ಅದೂ ನಡುವೆ ಕರೆಂಟು ಹೋಗದಿದ್ದರೆ. 4 ಆಂಪಿಯರಿನದು ಅದನ್ನು ಒಂದು ಹಗಲಿನಲ್ಲಿ ಮುಗಿಸುತ್ತದೆ. ಸಾಮರ್ಥ್ಯದ ಹತ್ತನೇ ಒಂದು ಭಾಗದ ಕರೆಂಟು ಎಂಬ ಹಳೆಯ ಸೂತ್ರವೂ 35ಕ್ಕೆ 3.5 ಎಂದೇ ಹೇಳುತ್ತದೆ. 10 ಆಂಪಿಯರಿನದಕ್ಕೆ ಹೆಚ್ಚು ಹಣ ಕೊಡುವುದರಿಂದ ಈ ಮನೆಗೆ ಏನೂ ಸಿಗುತ್ತಿರಲಿಲ್ಲ.

ಉಷ್ಣಾಂಶದ ವಿಷಯಕ್ಕೆ ಹೆಚ್ಚು ಹೊತ್ತು ಕೊಟ್ಟೆ. ಡಬ್ಬಿಯ ಮೇಲೆ ಬರೆದಿರುವ ಫ್ಲೋಟ್ ವೋಲ್ಟೇಜ್ ಸಾಮಾನ್ಯವಾಗಿ 25 ಡಿಗ್ರಿಗೆ ಹೊಂದುವಂಥದ್ದು. ಬ್ಯಾಟರಿ ಬಿಸಿಯಾದಂತೆ ಅದಕ್ಕೆ ಬೇಕಾದ ವೋಲ್ಟೇಜ್ ಕಡಿಮೆಯಾಗುತ್ತದೆ, ಪ್ರತಿ ಕೋಶಕ್ಕೆ ಪ್ರತಿ ಡಿಗ್ರಿಗೆ 3ರಿಂದ 4 ಮಿಲಿವೋಲ್ಟಿನಂತೆ. 42 ಡಿಗ್ರಿಯ ಮಧ್ಯಾಹ್ನ ಎಂದರೆ 17 ಡಿಗ್ರಿ ಹೆಚ್ಚು. ಆರು ಕೋಶಗಳಿಗೆ 0.3ರಿಂದ 0.4 ವೋಲ್ಟ್ ಇಳಿಯಬೇಕು. 13.6 ಅಲ್ಲಿ 13.2 ಅಥವಾ 13.3 ಆಗಬೇಕಾಗುತ್ತದೆ. ತಂಪಾದ ದೇಶಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ, ಉಷ್ಣಾಂಶಕ್ಕೆ ಹೊಂದಿಕೊಳ್ಳದ ಚಾರ್ಜರನ್ನು ನಮ್ಮ ಬೇಸಿಗೆಯಲ್ಲಿ ಎಡೆಬಿಡದೆ ಹಚ್ಚಿದರೆ ನೀರು ನಿಧಾನವಾಗಿ ಆರುತ್ತದೆ, ಮುಚ್ಚಳ ತೆಗೆಯಲು ಬಾರದ ಬ್ಯಾಟರಿಯಲ್ಲಿ ಅದನ್ನು ತುಂಬಲೂ ಆಗದು. ಹೀಗಾಗಿ ಉಷ್ಣಾಂಶ ಸರಿದೂಗಿಸುವ ಗುಣವನ್ನು ಕಡ್ಡಾಯ ಮಾಡಿಕೊಂಡೆವು. ಬಹಳಷ್ಟು ಚಾರ್ಜರುಗಳಲ್ಲಿ ಉಷ್ಣಾಂಶ ಗ್ರಹಿಸುವ ಭಾಗ ಚಾರ್ಜರಿನ ಪೆಟ್ಟಿಗೆಯೊಳಗೇ ಇರುತ್ತದೆ. ಆದ್ದರಿಂದ ಅದನ್ನು ಮನೆಯೊಳಗಿನ ತಂಪಿನಲ್ಲಿಟ್ಟು ಉದ್ದ ತಂತಿ ಎಳೆದರೆ ಆ ಗುಣ ಇದ್ದೂ ಇಲ್ಲದಂತಾಗುತ್ತದೆ. ಕಾರಿನ ಪಕ್ಕದಲ್ಲೇ, ನೆರಳಿನಲ್ಲಿ ಇಡಬೇಕು.

ಆದರೂ ಕೊನೆಯಲ್ಲಿ ಆಯ್ಕೆಯನ್ನು ನಿರ್ಧರಿಸಿದ್ದು ಇದಾವುದೂ ಅಲ್ಲ. ಕರೆಂಟು ಹೋಗಿ ಬಂದಾಗ ಚಾರ್ಜರ್ ಏನು ಮಾಡುತ್ತದೆ ಎಂಬ ಪ್ರಶ್ನೆಯೇ ನಿರ್ಣಾಯಕವಾಯಿತು. ಗುಂಡಿ ಒತ್ತಿ ಚಾರ್ಜಿನ ಬಗೆಯನ್ನು (ಮೋಡ್) ಆರಿಸಬೇಕಾದ ಕೆಲವು ಚಾರ್ಜರುಗಳು ಕರೆಂಟು ಮರಳಿದಾಗ ಸುಮ್ಮನೆ ಕಾಯುವ ಸ್ಥಿತಿಗೆ ಹೋಗಿ, ಯಾರಾದರೂ ಮತ್ತೆ ಗುಂಡಿ ಒತ್ತುವವರೆಗೆ ಏನನ್ನೂ ಮಾಡುವುದಿಲ್ಲ. ದೀಪ ಉರಿಯುತ್ತಿರುತ್ತದೆ, ಮನೆಯವರು ಎಲ್ಲ ಸರಿಯಿದೆ ಎಂದುಕೊಂಡಿರುತ್ತಾರೆ, ಬ್ಯಾಟರಿ ಇಳಿಯುತ್ತಲೇ ಇರುತ್ತದೆ. ದಿನಕ್ಕೆ ಒಮ್ಮೆಯಾದರೂ ಕರೆಂಟು ಹೋಗುವ ಊರಿನಲ್ಲಿ ಇಂಥ ಚಾರ್ಜರ್ ಮೊದಲ ದಿನವೇ ನಿಷ್ಪ್ರಯೋಜಕ. ಇನ್ನು ಕೆಲವು ತಾವಾಗಿ ಶುರುವಾಗುತ್ತವೆ, ಆದರೆ ಬ್ಯಾಟರಿಯ ಸ್ಥಿತಿಯನ್ನು ನೋಡದೆ ಪ್ರತಿ ಬಾರಿಯೂ 14.4ಕ್ಕೆ ಏರಿ ನಿಗದಿತ ಹೊತ್ತು ಅಲ್ಲಿಯೇ ಇರುತ್ತವೆ. ದಿನಕ್ಕೆ ನಾಲ್ಕು ಸಲ ಕರೆಂಟು ಹೋದರೆ ತುಂಬಿದ ಬ್ಯಾಟರಿಗೆ ನಾಲ್ಕು ಸಲ ಅನಗತ್ಯ ಹಿಂಸೆ. ನಮಗೆ ಬೇಕಾದದ್ದು ಮೊದಲಿನ ಬಗೆಯನ್ನು ನೆನಪಿಟ್ಟುಕೊಂಡು ತಾನೇ ಶುರುವಾಗುವ, ಬ್ಯಾಟರಿ ಎಳೆಯುವ ಕರೆಂಟು ಇಳಿದಿರುವುದನ್ನು ಕಂಡು ಬೇಗ ಫ್ಲೋಟಿಗೆ ಮರಳುವ ಚಾರ್ಜರ್. ಅಂಗಡಿಯಲ್ಲೇ ಒಂದು ಬ್ಯಾಟರಿಗೆ ಹಚ್ಚಿಸಿ, ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಾಕಿ ಮೀಟರಿನಲ್ಲಿ ನೋಡಿದೆವು. ಪ್ಲಗ್ ಕಿತ್ತಿದ್ದಾಗ ಚಾರ್ಜರ್ ಬ್ಯಾಟರಿಯಿಂದಲೇ ಎಷ್ಟು ಕರೆಂಟು ಹಿಂದಕ್ಕೆ ಎಳೆಯುತ್ತದೆ ಎಂಬುದನ್ನೂ ಅಳೆದೆವು. ಅದು ಒಂದೆರಡು ಮಿಲಿಆಂಪಿಯರ್ ಒಳಗಿರಬೇಕು. ಅಂಗಡಿಯವರು ತಾಳ್ಮೆಯಿಂದ ಸಹಕರಿಸಿದರು. ನೋಡಿದ ಮೂರು ಚಾರ್ಜರುಗಳಲ್ಲಿ ಹೆಚ್ಚು ಬಗೆಗಳಿದ್ದ, ಪರದೆಯೂ ಇದ್ದ 10 ಆಂಪಿಯರಿನದೇ ಈ ಪರೀಕ್ಷೆಯಲ್ಲಿ ಮತ್ತೆ ಶುರುವಾಗದೆ ಸೋತಿತು. 4 ಆಂಪಿಯರಿನ, ಎರಡೇ ಗುಂಡಿಗಳ ಸರಳ ಚಾರ್ಜರ್ ಗೆದ್ದಿತು. ಅದರ ಬೆಲೆ ಹೊಸ ಬ್ಯಾಟರಿಗಿಂತ ಸ್ವಲ್ಪ ಹೆಚ್ಚೇ ಇತ್ತು. ಮೂರು ಬ್ಯಾಟರಿ ಕಳೆದುಕೊಂಡವರಿಗೆ ಅದನ್ನು ವಿವರಿಸಿ ಹೇಳಬೇಕಾಗಲಿಲ್ಲ.

ಗಟ್ಟಿಯಾದ ಸಲ್ಫೇಟನ್ನು ಒಡೆಯುತ್ತದೆ ಎನ್ನುವ ಪುನಶ್ಚೇತನ ಬಗೆಯ ಬಗ್ಗೆ ಒಂದು ಮಾತು. ಕೆಲವು ಚಾರ್ಜರುಗಳಲ್ಲಿ ಇದು 15.8 ವೋಲ್ಟಿನವರೆಗೆ ಹೋಗುತ್ತದೆ. ಕಾರಿಗೆ ಜೋಡಿಸಿದ ಬ್ಯಾಟರಿಯ ಮೇಲೆ ಅದನ್ನು ಬಳಸಬಾರದೆಂದು ಬರೆದು ಆ ಗುಂಡಿಯ ಮೇಲೆ ಟೇಪ್ ಅಂಟಿಸಿದ್ದೇನೆ. ಲಿಥಿಯಂ ಬ್ಯಾಟರಿಯ ಬಗೆಯೂ ಹಾಗೆಯೇ ಇಲ್ಲಿ ಸಲ್ಲದು.

ಜೋಡಣೆ

ಪ್ರತಿ ಸಲ ಬಾನೆಟ್ ಎತ್ತಿ ಕ್ಲಿಪ್ ಹಚ್ಚುವ ಕೆಲಸ ಮನೆಯವರಿಗೆ ಇರಬಾರದೆಂದು, ಚಾರ್ಜರಿನ ಜೊತೆ ಬಂದ ಉಂಗುರದ ತುದಿಗಳ ತಂತಿಯನ್ನು ಖಾಯಂ ಆಗಿ ಬೋಲ್ಟ್ ಮಾಡಿದೆವು. ಪಾಸಿಟಿವ್ ತುದಿಯ ಹತ್ತಿರವೇ ಫ್ಯೂಸ್ ಇದೆ. ನೆಗೆಟಿವ್ ತುದಿಯನ್ನು ಬ್ಯಾಟರಿಯ ಕಂಬಕ್ಕೆ ಕೊಡದೆ ಬಾಡಿಯ ಅರ್ತ್ ಬೋಲ್ಟಿಗೆ ಕೊಟ್ಟೆವು. ಇಂಜಿನ್ ತಾನಾಗಿ ನಿಂತು ಚಾಲೂ ಆಗುವ ಹೊಸ ಕಾರುಗಳಲ್ಲಿ ನೆಗೆಟಿವ್ ಕಂಬದ ಮೇಲೆ ಬ್ಯಾಟರಿಯ ಸಂವೇದಕ ಇರುತ್ತದೆ, ಅದನ್ನು ದಾಟಿಸಿ ಚಾರ್ಜ್ ಮಾಡಿದರೆ ಕಾರಿಗೆ ಲೆಕ್ಕ ತಪ್ಪುತ್ತದೆ. ಈ ಕಾರಿನಲ್ಲಿ ಅದಿಲ್ಲ, ಆದರೂ ಕಿಡಿ ಬ್ಯಾಟರಿಯಿಂದ ದೂರ ಇರುವುದು ಒಳ್ಳೆಯದು. ತಂತಿಯನ್ನು ಸುಕ್ಕುಗಟ್ಟಿದ ಕೊಳವೆಯೊಳಗೆ ಹಾಯಿಸಿ ಗ್ರಿಲ್ಲಿನ ಹೊರಗೆ ತಂದಿದ್ದೇವೆ, ಏಕೆಂದರೆ ನಿಂತ ಕಾರಿಗೆ ಇಲಿಗಳ ಕಾಟ ತಪ್ಪಿದ್ದಲ್ಲ. ಎಕ್ಸ್‌ಟೆನ್ಶನ್ ಬೋರ್ಡ್ ಬಳಸದೆ ಗೋಡೆಯ ಮೂರು ಪಿನ್ನಿನ ಸಾಕೆಟ್ಟಿಗೇ ಪ್ಲಗ್ ಹಾಕಲಾಗಿದೆ. ಮೊದಲು ಕಾರಿನ ಕಡೆ ಜೋಡಿಸಿ ಆಮೇಲೆ ಸ್ವಿಚ್ ಹಾಕುವುದು, ತೆಗೆಯುವಾಗ ಮೊದಲು ಸ್ವಿಚ್ ಆರಿಸುವುದು ಎಂಬ ಕ್ರಮವನ್ನು ಗೋಡೆಯ ಮೇಲೆ ಕನ್ನಡದಲ್ಲಿ ಬರೆದು ಅಂಟಿಸಿದ್ದೇವೆ. ಚಾಲಕ ತಂತಿ ಬಿಚ್ಚದೆ ಹೊರಡಬಾರದೆಂದು ಅದರ ಪ್ಲಗ್ಗನ್ನು ಚಾಲಕನ ಬಾಗಿಲಿನ ಎದುರಿಗೇ ಬರುವಂತೆ ಹಾಯಿಸಿದ್ದೇವೆ.

ಒಂದು ಬೇಸಿಗೆ ಕಳೆದ ಮೇಲೆ ಚಾರ್ಜರ್ ಬಿಚ್ಚಿ, ಒಂದು ರಾತ್ರಿ ಬಿಟ್ಟು ಅಳೆದಾಗ ಬ್ಯಾಟರಿ 12.66 ವೋಲ್ಟ್ ತೋರಿಸಿತು. ಸೆಲ್ಫ್ ಹೊಡೆಯುವ ಕ್ಷಣದಲ್ಲೂ 10.5ಕ್ಕಿಂತ ಕೆಳಗೆ ಇಳಿಯಲಿಲ್ಲ. ಮೇ ತಿಂಗಳ ಮಧ್ಯಾಹ್ನವೊಂದರಲ್ಲಿ ಟರ್ಮಿನಲ್ಲುಗಳ ನಡುವೆ ಅಳೆದ ಫ್ಲೋಟ್ 13.3 ಇತ್ತು, ಲೆಕ್ಕದಂತೆಯೇ.

ಈ ತೀರ್ಮಾನ ಈ ಮನೆಗೆ ಹೊಂದಿದ್ದು. ಬಹುಮಹಡಿ ಕಟ್ಟಡದ ನೆಲಮಾಳಿಗೆಯಲ್ಲಿ, ಪ್ಲಗ್ ಪಾಯಿಂಟೂ ಬಿಸಿಲೂ ಇಲ್ಲದ ಕಡೆ ಕಾರು ನಿಲ್ಲಿಸುವವರಿಗೆ ಕೇಬಲ್ ಬಿಚ್ಚಿಡುವುದೇ ಸರಿಯಾದ ದಾರಿ. ಬ್ಯಾಟರಿಯನ್ನು ತಿಂಗಳಿಗೊಮ್ಮೆ ಗಾಳಿಯಾಡುವ ಬಾಲ್ಕನಿಗೆ ತಂದು ಇದೇ ಬಗೆಯ ಸಣ್ಣ ಚಾರ್ಜರಿನಿಂದ ಒಂದು ರಾತ್ರಿ ತುಂಬಿದರೆ ಸಾಕು. ಈ ಮನೆಯವರು ಮುಂದೆ ಕಾರು ಬದಲಿಸಿ, ಗಾಜಿನ ನಾರಿನ ಹಾಳೆಯಲ್ಲಿ ಆಮ್ಲ ಹಿಡಿದಿಟ್ಟ ಎಜಿಎಂ ಬ್ಯಾಟರಿಯಿರುವ ಕಾರನ್ನು ತಂದರೆ, ಚಾರ್ಜರಿನ ಎರಡನೇ ಗುಂಡಿಯಿಂದ ಆ ಬಗೆಯನ್ನು ಆರಿಸಿ, ಕರೆಂಟು ಹೋಗಿ ಬಂದ ಮೇಲೂ ಅದೇ ಬಗೆ ಉಳಿಯುತ್ತದೆಯೇ ಎಂದು ಮತ್ತೊಮ್ಮೆ ಪರೀಕ್ಷಿಸಬೇಕಾಗುತ್ತದೆ.